ಹಳದಿ ಗುರುತಿನ ಹತ್ತು ಕುರಿ

ಕೆಂಚಯ್ಯನಹಟ್ಟಿಯ ದೊಡ್ಡಬೀರಪ್ಪನಿಗೆ ಒಂದು ಅಭ್ಯಾಸವಿತ್ತು. ಎದುರಿಗಿದ್ದವರು ಮಾತು ಮುಗಿಸುವ ಮೊದಲೇ ಅವನು ಹೂಂ ಎನ್ನುವಂತೆ ತಲೆಯಾಡಿಸಿಬಿಡುತ್ತಿದ್ದ. ಪಂಚಾಯಿತಿಯವರು ಹೇಳಿದರೂ ಆಡಿಸುತ್ತಿದ್ದ, ಬಸ್ಸಿನ ಕಂಡಕ್ಟರು ಹೇಳಿದರೂ ಆಡಿಸುತ್ತಿದ್ದ. ಹೀಗೆ ತಲೆಯಾಡಿಸುತ್ತಲೇ ಒಮ್ಮೆ ಕಡೂರಿನಲ್ಲಿ ಇಳಿಯಬೇಕಾದವನು ತರೀಕೆರೆಯಲ್ಲಿ ಇಳಿದಿದ್ದ. ಇಳಿದ ಮೇಲೆ, "ನನಗೆ ಇಲ್ಲೇ ಕೆಲಸ ಇತ್ತು" ಎಂದು ಕಂಡಕ್ಟರಿಗೆ ಹೇಳಿ, ಕೆಲಸ ಇರುವವನಂತೆ ಬಸ್ ನಿಲ್ದಾಣದ ಸುತ್ತ ಎರಡು ಸಲ ಬಿರಬಿರನೆ ನಡೆದು, ಬಂದ ದಾರಿಯಲ್ಲೇ ಹಿಂತಿರುಗಿದ್ದ.

ಹೆಂಡತಿ ಯಲ್ಲಮ್ಮ ಇದ್ದಾಗ ಈ ತಲೆಗೊಂದು ಮೂಗುದಾರವಿತ್ತು. "ಸ್ವಾಮಿ, ಅದೇನಂದ್ರೋ ಇನ್ನೊಂದ್ ಸಲ ಹೇಳ್ಬಿಡಿ. ನಮ್ಮೋರಿಗೆ ತಲೆ ಆಡ್ಸೋ ಕಾಯಿಲೆ ಐತೆ" ಎಂದು ಅವಳೇ ಕೇಳಿ ತಿಳಿದುಕೊಳ್ಳುತ್ತಿದ್ದಳು. ಆ ಪುಣ್ಯಾತ್ಮಳು ದೇವರ ಪಾದ ಸೇರಿ ಹನ್ನೊಂದು ತಿಂಗಳಾಗಿತ್ತು. ತಲೆ ಈಗ ಹಿಡಿಯುವವರಿಲ್ಲದೆ ಆಡುತ್ತಿತ್ತು.

ಯಲ್ಲಮ್ಮ ಬಿಟ್ಟುಹೋದದ್ದರಲ್ಲಿ ಒಂದು ಟಗರುಮರಿಯೂ ಇತ್ತು. ಅವಳು ತೀರಿಕೊಳ್ಳುವುದಕ್ಕೆ ಹದಿನೈದು ದಿನ ಮುಂಚೆ ಹುಟ್ಟಿದ್ದು. ಹುಟ್ಟಿದ ದಿನವೇ ತಾಯಿಯನ್ನು ಕಳೆದುಕೊಂಡದ್ದು. ಅವಳು ಮಲಗಿದ ಚಾಪೆಯ ಮೇಲೆಯೇ ಅದನ್ನು ಮಗ್ಗುಲಿಗೆ ಹಾಕಿಕೊಂಡು ಸೀಸೆಯಲ್ಲಿ ಹಸುವಿನ ಹಾಲು ಕುಡಿಸಿದ್ದಳು. ಹಣೆಯಲ್ಲಿ ಕಾಸಗಲ ಬಿಳಿ ಚುಕ್ಕೆ ಇದ್ದುದರಿಂದ 'ಬೊಟ್ಟ' ಎಂದು ಕರೆದಿದ್ದಳು. ಬೊಟ್ಟ ಈಗ ಕೊಬ್ಬಿ ಬೆಳೆದು, ಸೊಸೆ ಹೇಮಶ್ರೀ ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಗುದ್ದಿ ಉರುಳಿಸುತ್ತಿದ್ದ. ಯಾರೂ ಅವನನ್ನು ಹೊಡೆಯುತ್ತಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಹಟ್ಟಿಗೆ ಜೀಪು ಬಂತು. ಅದರಿಂದ ಇಳಿದವರು ಕಡೂರಿನಿಂದ ಬಂದ ಅನುಪಮಾ ಎಂಬ ಪಶುವೈದ್ಯೆ. ಡಾಕ್ಟರಿಕೆ ಮುಗಿಸಿ ಅದರ ಮೇಲಿನ ಓದು ಓದುತ್ತಿದ್ದ ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಯಜಮಾನ್ರೆ," ಎಂದರು ಅವರು.

ದೊಡ್ಡಬೀರಪ್ಪ ತಲೆಯಾಡಿಸಿದ.

"ನಾನಿನ್ನೂ ಏನೂ ಹೇಳಿಲ್ಲ. ನೀವೆಲ್ಲ ಎಷ್ಟೋ ವರ್ಷದಿಂದ ಕುರಿಗೆ ಒಂದೇ ಜಂತಿನ ಔಷಧಿ ಕುಡಿಸ್ತಾ ಇದೀರ. ಅದು ಈಗಲೂ ಕೆಲಸ ಮಾಡುತ್ತೋ ಇಲ್ವೋ ನೋಡಬೇಕು. ಇಪ್ಪತ್ತು ಟಗರುಮರಿ ಆರಿಸ್ತೀವಿ. ಹತ್ತಕ್ಕೆ ಔಷಧಿ ಕೊಡ್ತೀವಿ, ಹತ್ತಕ್ಕೆ ಕೊಡಲ್ಲ. ಇವತ್ತು ಹಿಕ್ಕೇಲಿರೋ ಜಂತಿನ ಮೊಟ್ಟೆ ಎಣಿಸೋದು. ಹದಿನಾಲ್ಕು ದಿನ ಬಿಟ್ಟು ಮತ್ತೆ ಬಂದು ಎಣಿಸೋದು. ಎಷ್ಟು ಕಮ್ಮಿ ಆಗಿದೆ ಅಂತ ನೋಡಿದರೆ ಔಷಧಿಯ ಯೋಗ್ಯತೆ ಗೊತ್ತಾಗುತ್ತೆ. ಅರ್ಥ ಆಯ್ತಾ?"

"ಅದ್ರಾಗೇನೈತೆ ತಾಯಿ? ನಮ್ಮ ತಾತನ ಕಾಲದಿಂದ್ಲೂ ಎಣಿಸ್ಕಂಡೇ ಬಂದೀವಿ."

"ಏನನ್ನ?"

"ಕುರೀನ."

ಡಾಕ್ಟರು ಕೈಗವಸು ಹಾಕಿಕೊಂಡರು. ಮರಿಗಳ ಬಾಲ ಎತ್ತಿ, ನೆಲಕ್ಕೆ ಬೀಳುವ ಮೊದಲೇ ಹಿಕ್ಕೆಯನ್ನು ಬೆರಳಿನಿಂದ ತೆಗೆದು, ಚೀಲದಲ್ಲಿ ಕಟ್ಟಿ, ಹೆಸರು ಬರೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಟ್ಟರು. ಹಟ್ಟಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಆಮೇಲೆ ಡಾಕ್ಟರು ಪ್ರತಿ ಮರಿಯನ್ನೂ ತಕ್ಕಡಿಗೆ ತೂಗುಹಾಕಿದರು.

"ಇದೆಲ್ಲ ಯಾಕಮ್ಮ? ನಾನು ಎತ್ತಿ ನೋಡಿದ್ರೆ ಸಾಕು, ಹೇಳ್ತೀನಿ" ಎಂದ ದೊಡ್ಡಬೀರಪ್ಪ.

"ಅಂದಾಜಿಗೆ ಕುಡಿಸಿ ಕುಡಿಸಿಯೇ ಹೀಗಾಗಿರೋದು. ಔಷಧಿ ಕಮ್ಮಿ ಬಿದ್ದರೆ ಜಂತು ಸಾಯಲ್ಲ, ಒಗ್ಗಿಕೊಳ್ಳುತ್ತೆ."

ಅವನು ತಲೆಯಾಡಿಸಿದ. ಬೊಟ್ಟ ಇಪ್ಪತ್ತಾರೂವರೆ ಕಿಲೋ ತೂಗಿದ. ಉಳಿದ ಹತ್ತೊಂಬತ್ತರ ತೂಕ ದೊಡ್ಡಬೀರಪ್ಪನ ಕಿವಿಯ ಪಕ್ಕದಲ್ಲಿ ಹಾದುಹೋಯಿತು. ಇದೊಂದು ಒಳಗೆ ಹೋಗಿ ಕೂತಿತು.

ಯಾವುದಕ್ಕೆ ಔಷಧಿ, ಯಾವುದಕ್ಕೆ ಇಲ್ಲ ಎನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿದರು. ಚೀಟಿ ಹಾಕಿದ್ದು ದೊಡ್ಡಬೀರಪ್ಪನದೇ ರುಮಾಲಿನಲ್ಲಿ. ಬೊಟ್ಟನ ಪಾಲಿಗೆ 'ಇಲ್ಲ' ಬಂತು.

"ತಾಯಿ, ಇವನಿಗೊಂದು ತೊಟ್ಟು..."

"ಒಂದು ತೊಟ್ಟೂ ಇಲ್ಲ. ಈ ಹತ್ತಕ್ಕೆ ನಾನೂ ಕೊಡಲ್ಲ, ನೀವೂ ಕೊಡಬಾರದು. ಕೊಟ್ಟರೆ ಲೆಕ್ಕವೆಲ್ಲ ಹಾಳು. ಮಾತು ಕೊಡಿ."

ತಲೆ ಆಡಿತು.

ನೋಡಲು ನಿಂತಿದ್ದವರೆಲ್ಲ ಮನೆಗೆ ಹೋದ ಮೇಲೆ, ಹೊರಡುವ ಮುಂಚೆ, ಡಾಕ್ಟರು ಔಷಧಿ ಕುಡಿದ ಹತ್ತರ ಬೆನ್ನಿಗೆ ನೀಲಿ ಬಣ್ಣ ಹಚ್ಚಿದರು. ಕುಡಿಯದ ಹತ್ತಕ್ಕೆ ಡಬ್ಬಿಯಲ್ಲಿ ಉಳಿದಿದ್ದ ಇನ್ನೊಂದು ಬಣ್ಣ ಹಚ್ಚಿದರು. ಆ ಬಣ್ಣ ಹಳದಿ.

ಇಲ್ಲಿ ಒಂದು ಮಾತು ಹೇಳಬೇಕು. ಆ ಹಟ್ಟಿಯಲ್ಲಿ ಕುರಿಯ ಬೆನ್ನ ಮೇಲೆ ಹಳದಿ ಕಂಡರೆ ಅದಕ್ಕೆ ಒಂದೇ ಅರ್ಥ. ಅದು ಬೀರೇದೇವರಿಗೆ ಬಿಟ್ಟ ಕುರಿ. ಅದನ್ನು ಮಾರುವಂತಿಲ್ಲ, ಬೈಯುವಂತಿಲ್ಲ. ಪೂಜಾರಿ ಹೇಳಿದ ದಿನ ದೇವರ ಹೆಸರಲ್ಲಿ ಕೊಯ್ದು ಪರ ಮಾಡಿ, ನೆಂಟರಿಷ್ಟರನ್ನೆಲ್ಲ ಕರೆದು ಬಾಡೂಟ ಹಾಕಬೇಕು. ಡಾಕ್ಟರಿಗೆ ಇದು ಗೊತ್ತಿರಲಿಲ್ಲ. ದೊಡ್ಡಬೀರಪ್ಪನಿಗೆ ಗೊತ್ತಿತ್ತು, ಆದರೆ ಆ ಹೊತ್ತಿನಲ್ಲಿ ಅವನು ತಲೆಯಾಡಿಸುತ್ತಿದ್ದ.

ಮಾರನೆಯ ಬೆಳಿಗ್ಗೆ ಯಲ್ಲಮ್ಮನ ತಮ್ಮ ಉಗ್ರಪ್ಪ ಹಲ್ಲುಜ್ಜುತ್ತ ಕುರಿ ಕೂಡುವ ರೊಪ್ಪದ ಬೇಲಿಯ ಹತ್ತಿರ ಬಂದ. ಅವನ ಮನೆ ಪಕ್ಕದ್ದೇ. ಬೇವಿನ ಕಡ್ಡಿ ಬಾಯಲ್ಲೇ ನಿಂತಿತು.

"ಏನ್ ಭಾವ ಇದು? ಒಂದು, ಎರಡು... ಹತ್ತು! ಹತ್ತು ಬಿಟ್ಟಿದೀಯಾ?"

"ಅದು ಉಗ್ರಪ್ಪ, ಡಾಕ್ಟ್ರಮ್ಮ..."

"ಸುಮ್ನಿರು ಭಾವ, ಯಾರೋ ಹುಡುಗರು ಬಣ್ಣ ಎರಚವರೆ. ನಾನು ಹೋದ್ವರ್ಷ ಒಂದು ಬಿಡೋದ್ರಾಗೇ ಸುಸ್ತಾದೆ. ನೀನು ಹತ್ತು ಬಿಡ್ತೀಯಾ? ನಿನ್ ಕೈಲಾಗೋ ಮಾತಾ ಅದು?"

ಉಗ್ರಪ್ಪ ಅಷ್ಟಕ್ಕೇ ನಿಲ್ಲಿಸಿ ಬಾಯಿ ಮುಕ್ಕಳಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು ನಕ್ಕ.

"ಯಾಕಾಗಕಿಲ್ಲ?" ಎಂದುಬಿಟ್ಟ ದೊಡ್ಡಬೀರಪ್ಪ. "ಹತ್ತೇ. ಕಣ್ ಕಾಣಲ್ವ ನಿಂಗೆ?"

ನಗು ನಿಂತಿತು. ಉಗ್ರಪ್ಪ ಬೇವಿನ ಕಡ್ಡಿಯನ್ನು ಎಸೆದು, ಪಂಚೆಯ ತುದಿಯಲ್ಲಿ ಬಾಯಿ ಒರೆಸಿಕೊಂಡು, ಮೆಲ್ಲಗೆ ಕೇಳಿದ: "ಅಕ್ಕನ ವರ್ಷಕ್ಕಾ ಭಾವ?"

ಅವನ ಕಣ್ಣಲ್ಲಿ ನೀರಿತ್ತು. ಇಲ್ಲ ಎನ್ನುವುದಕ್ಕೆ ಬಾಯಿ ಬೇಕಲ್ಲ? ದೊಡ್ಡಬೀರಪ್ಪ ಹೆಗಲ ಮೇಲಿನ ಟವೆಲನ್ನು ಈ ಕಡೆಯಿಂದ ಆ ಕಡೆಗೆ ಹಾಕಿಕೊಂಡ. ಆ ಕಡೆಯಿಂದ ಈ ಕಡೆಗೆ ಹಾಕಿಕೊಂಡ. ಕೊನೆಗೆ, ತನ್ನ ಕೈಯಲ್ಲಿದ್ದ ಒಂದೇ ಒಂದು ವಿದ್ಯೆಯನ್ನು ಪ್ರಯೋಗಿಸಿದ. ತಲೆಯಾಡಿಸಿದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಪಂಚನಹಳ್ಳಿ ದಾಟಿತು. ಸಂಜೆಗೆ ಅಜ್ಜಂಪುರದಿಂದ ಅವನ ಅಕ್ಕ ಮಾರಮ್ಮ ಫೋನು ಮಾಡಿದಳು. "ಲೇ ಬೀರ, ನಂಗೂ ಹೇಳ್ದಂಗೆ ಹತ್ತು ಬಿಟ್ಟೆಯೇನೋ? ನಾನೇನು ಸತ್ತೋಗಿದ್ನಾ?" ಎಂದು ಅತ್ತು, ಅಳು ಮುಗಿದ ಮೇಲೆ ಮಸಾಲೆಗೆ ಎಷ್ಟು ಧನಿಯಾ ಹುರಿಯಬೇಕೆಂದು ಕೇಳಿದಳು. ಅವಳ ಅಳಿಯ ಓಂಕಾರೇಶ್ ತರೀಕೆರೆಯಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವವನು. ಅವನು, "ಮಾವ, ಪಾತ್ರೆ ವಿಷಯ ನನಗೆ ಬಿಡಿ. ಮನೆ ಕೆಲಸ ಅಲ್ವಾ? ದೊಡ್ಡ ಕೊಪ್ಪರಿಗೆ ಎರಡು ತತ್ತೀನಿ" ಎಂದ. ಬೀರೇದೇವರ ಗುಡಿಯ ಪೂಜಾರಿ ಗಂಗಾಧರಯ್ಯನವರು ತಾವಾಗಿಯೇ ಮನೆಗೆ ಬಂದರು. ಜಗಲಿಯ ಮೇಲೆ ಕೂತು ಪಂಚಾಂಗ ಬಿಡಿಸಿ, ಬೆರಳು ಮಡಿಸಿ ಬಿಚ್ಚಿ, ವರ್ಷಕ್ಕೆ ಮುಂಚೆಯೇ ದೇವರ ಪಾಲು ಸಲ್ಲಬೇಕೆಂದು ದಿನ ಗೊತ್ತು ಮಾಡಿದರು. ಮುಂದಿನ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ.

ಅಂದರೆ ಡಾಕ್ಟರಮ್ಮ ಮತ್ತೆ ಬರುತ್ತೇನೆಂದು ಹೇಳಿದ್ದ ದಿನವೇ.

"ಇನ್ನೂ ಒಂದ್ ತಿಂಗಳು ಮುಂದಕ್ಕೆ ಹೋದ್ರೆ?" ಎಂದು ಕೇಳಿದ ದೊಡ್ಡಬೀರಪ್ಪ, ನಿಂತಲ್ಲಿ ನಿಲ್ಲದೆ.

"ಬೀರಪ್ಪ, ಬಾಯಿ ಬಿಟ್ಟು ದೇವರಿಗೆ ಅಂದಮೇಲೆ ಮುಂದೂಡಬಾರದು. ಅವನು ಕೇಳಿಸಿಕೊಂಡಿರ್ತಾನೆ" ಎಂದರು ಗಂಗಾಧರಯ್ಯ.

ದೊಡ್ಡಬೀರಪ್ಪ ಭಕ್ತ. ಇದು ಸುಳ್ಳಲ್ಲ. ಬೆಳಿಗ್ಗೆ ದೇವರ ದಿಕ್ಕಿಗೆ ಕೈಮುಗಿಯದೆ ರೊಪ್ಪದ ಗೇಟು ತೆಗೆದವನಲ್ಲ. ಆ ದಿನದಿಂದ ಅವನಿಗೆ ಕೂರಲು ಆಗಲಿಲ್ಲ, ನಿಲ್ಲಲು ಆಗಲಿಲ್ಲ. ಊಟಕ್ಕೆ ಕೂತವನು ಅರ್ಧ ಮುದ್ದೆಗೇ ಎದ್ದು ರೊಪ್ಪಕ್ಕೆ ಹೋಗುತ್ತಿದ್ದ. ರೊಪ್ಪಕ್ಕೆ ಹೋದವನು ಬೊಟ್ಟನನ್ನು ನೋಡಿ ವಾಪಸು ಬರುತ್ತಿದ್ದ. ಒಮ್ಮೆ ಬಕೆಟ್ಟಿನಲ್ಲಿ ನೀರು, ಸೋಪು ತೆಗೆದುಕೊಂಡು ಹೋಗಿ ಬೊಟ್ಟನ ಬೆನ್ನು ಉಜ್ಜಿದ. ಸೋಪು ಸವೆಯಿತು, ಬೊಟ್ಟ ಖುಷಿಪಟ್ಟ, ಹಳದಿ ಮಾತ್ರ ಇನ್ನಷ್ಟು ಹೊಳೆಯಿತು.

"ಮಾವ, ದೇವರ ಕುರಿಗೆ ಲೈಫ್‌ಬಾಯಾ?" ಎಂದಳು ಹೇಮಶ್ರೀ ಹಿಂದಿನಿಂದ.

"ಮಡಿ ಮಾಡ್ತಿದೀನಿ ಕಣಮ್ಮ."

ಐದನೆಯ ದಿನ ಮಾರಮ್ಮ ಗಂಟುಮೂಟೆಯೊಂದಿಗೆ ಬಂದಿಳಿದಳು. ಚೀಲ ಕೆಳಗಿಡುವ ಮುಂಚೆ ನೇರವಾಗಿ ರೊಪ್ಪಕ್ಕೆ ನಡೆದು, ಹಳದಿ ಗುರುತಿನ ಹತ್ತನ್ನೂ ಸೊಂಟ ಒತ್ತಿ ಒತ್ತಿ ನೋಡಿ, ಬೊಟ್ಟನ ಹತ್ತಿರ ನಿಂತಳು.

"ಇದು ಯಲ್ಲವ್ವ ಸೀಸೆ ಹಾಲು ಹಾಕಿದ್ದಲ್ವಾ? ಇದೇ ಮೊದ್ಲು. ಅವಳ ಹೆಸ್ರಿಗೆ ಅವಳು ಸಾಕಿದ್ದೇ ಆಗ್ಬೇಕು."

"ಅಕ್ಕ, ಇವನಿನ್ನೂ ಎಳೇದು..."

"ಎಳೇದೇ ಮೆತ್ತಗಿರೋದು ಕಣೋ."

ಬೊಟ್ಟ ಮಾರಮ್ಮನ ಸೆರಗು ಅಗಿಯತೊಡಗಿದ. ದೊಡ್ಡಬೀರಪ್ಪ ರೊಪ್ಪದಿಂದ ಹೊರಗೆ ಹೋದ, ಒಳಗೆ ಬಂದ, ಮತ್ತೆ ಹೊರಗೆ ಹೋದ. ಆಗ ಅವನಿಗೊಂದು ಉಪಾಯ ಹೊಳೆಯಿತು. ಔಷಧಿ ಪರೀಕ್ಷೆಯ ಕುರಿ ತಿನ್ನಬಾರದೆಂದು ಡಾಕ್ಟರಮ್ಮನ ಬಾಯಲ್ಲೇ ಹೇಳಿಸಿದರೆ? ದೇವರ ಮುಂದೆ ತಪ್ಪು ಡಾಕ್ಟರದು. ನೆಂಟರ ಮುಂದೆ ತಪ್ಪು ಸರ್ಕಾರದ್ದು. ಅಂದು ಸಂಜೆ ಜಗಲಿಯ ಮೇಲೆ ಮಾರಮ್ಮ, ಉಗ್ರಪ್ಪ, ಗಂಗಾಧರಯ್ಯ ಎಲ್ಲರೂ ಇದ್ದಾಗ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ.

"ಡಾಕ್ಟ್ರಮ್ಮ, ನಾನು ಕೆಂಚಯ್ಯನಹಟ್ಟಿ ದೊಡ್ಡಬೀರಪ್ಪ. ಈ ನೀವು ಪರೀಕ್ಷೆ ಮಾಡಿದ ಕುರೀನ ತಿನ್ನಬಾರದು, ಅಲ್ವಾ?"

"ಒಳ್ಳೆ ಪ್ರಶ್ನೆ ಕೇಳಿದ್ರಿ ಯಜಮಾನ್ರೆ. ಖಂಡಿತಾ ತಿನ್ನಬಾರದು."

ದೊಡ್ಡಬೀರಪ್ಪ ಗೆದ್ದವನಂತೆ ಎಲ್ಲರ ಮುಖ ನೋಡಿದ.

"ಅದು ನೀಲಿ ಬಣ್ಣದವು" ಎಂದಿತು ಫೋನು. "ಅವಕ್ಕೆ ಔಷಧಿ ಕುಡಿಸಿದೀವಲ್ಲ, ಗಡುವು ಮುಗಿಯೋವರೆಗೂ ಮುಟ್ಟಬೇಡಿ. ಹಳದಿಯವಕ್ಕೆ ಒಂದು ತೊಟ್ಟೂ ಹಾಕಿಲ್ಲ. ಅವು ಶುದ್ಧವಾಗಿವೆ. ಆದರೆ ಯಾಕೆ ಕೇಳ್ತಾ ಇದ..."

ದೊಡ್ಡಬೀರಪ್ಪ ಫೋನನ್ನು ಜೇಬಿಗೆ ತುರುಕಿದ. ಅದು ಜೇಬಿನೊಳಗಿಂದಲೇ ಇನ್ನೆರಡು ಸಲ, "ಹಲೋ? ಯಜಮಾನ್ರೆ?" ಎಂದು ಸುಮ್ಮನಾಯಿತು.

"ನೋಡಿದ್ರಾ!" ಎಂದರು ಗಂಗಾಧರಯ್ಯ, ಕೈಮುಗಿದು. "ಓದಿದವರ ಬಾಯಲ್ಲೂ ಅವನು ಆಡಿಸ್ತಾನೆ. ಹಳದಿಯದು ಶುದ್ಧ."

ಏಳನೆಯ ದಿನ ಬೆಳಿಗ್ಗೆ ಬೊಟ್ಟನ ಗದ್ದದ ಕೆಳಗೆ ಸಣ್ಣ ಊತ ಕಾಣಿಸಿತು. ಒತ್ತಿದರೆ ನೀರು ತುಂಬಿದ ಚೀಲದಂತೆ ಮೆತ್ತಗೆ. ಕಣ್ಣಿನ ರೆಪ್ಪೆ ಮಡಚಿ ನೋಡಿದರೆ ಒಳಗೆ ಕೆಂಪೇ ಇಲ್ಲ, ಸುಣ್ಣ ಬಳಿದಂತೆ ಬಿಳಿ. ಇದು ಹೊಟ್ಟೆಯಲ್ಲಿ ಜಂತು ರಕ್ತ ಹೀರುತ್ತಿರುವ ಲಕ್ಷಣವೆಂದು ದೊಡ್ಡಬೀರಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಮೇಲೆ ಅಂಗಿಯನ್ನೂ ಹಾಕಿಕೊಳ್ಳದೆ ಕಡೂರಿನ ಬಸ್ಸಿಗೆ ಓಡಿದ. ಹೇಮಶ್ರೀ ಹಿಂದೆ ಓಡಿ ಅಂಗಿ ಕೊಟ್ಟಳು.

ಇನ್ನು ಏಳು ದಿನದಲ್ಲಿ ಪರಕ್ಕೆ ಹೋಗುವ ಕುರಿಗೆ ಔಷಧಿ ಯಾಕೆ ಎಂದು ಓದುವವರು ಕೇಳಬಹುದು. ದೊಡ್ಡಬೀರಪ್ಪನೂ ಅದನ್ನು ಕೇಳಿಕೊಳ್ಳಬೇಕಾಗಿತ್ತು. ಅಷ್ಟರಲ್ಲಿ ಬಸ್ಸು ಬಂತು.

ಬಸ್ಸಿನಲ್ಲಿ ಅವನು ಮೂರು ಸೀಟು ಬದಲಾಯಿಸಿದ. ಕಡೂರಿನ ಔಷಧಿ ಅಂಗಡಿಯ ತಿಪ್ಪೇಶ್ ಅವನನ್ನು ಕಂಡೊಡನೆ ಎಂದಿನ ಬಿಳಿ ಔಷಧಿಯ ಡಬ್ಬಿಗೆ ಕೈ ಹಾಕಿದ.

"ಅದು ಬ್ಯಾಡ. ನಮ್ಮ ಹಟ್ಟಿಗೆ ಯಾವತ್ತೂ ಬರ್ದೇ ಇರೋದು ಕೊಡು."

"ಎಷ್ಟು ಕುರಿಗೆ?"

"ಒಂದಕ್ಕೆ."

"ಒಂದಕ್ಕಾ? ತೂಕ ಎಷ್ಟು?"

"ಇಪ್ಪತ್ತಾರೂವರೆ."

ತಿಪ್ಪೇಶ್ ತಲೆ ಎತ್ತಿದ. ಅವನು ಅಂಗಡಿ ಇಟ್ಟಾಗಿನಿಂದ ಕುರಿಗಾರನೊಬ್ಬ ಬಾಯಿಬಿಟ್ಟು ತೂಕ ಹೇಳಿದ್ದು ಇದೇ ಮೊದಲು. ಬಹಳ ಗೌರವದಿಂದ ಒಂದು ಪುಟ್ಟ ಬಾಟಲಿ ಕೊಟ್ಟು, ಇಪ್ಪತ್ತಾರೂವರೆ ಕಿಲೋಗೆ ಎಷ್ಟೋ ಅಷ್ಟಕ್ಕೆ ಸಿರಿಂಜಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದುಕೊಟ್ಟ.

ಮಧ್ಯಾಹ್ನ ಕುರಿ ಮೇಯಲು ಹೋದಾಗ, ಹುಣಸೆಮರದ ಮರೆಯಲ್ಲಿ, ದೊಡ್ಡಬೀರಪ್ಪ ಆ ಗೆರೆಯವರೆಗೆ ಔಷಧಿ ಎಳೆದು ಬೊಟ್ಟನ ಬಾಯಿಗೆ ಬಿಟ್ಟ. ಮೊದಲು ಪೂರ್ವಕ್ಕೆ ತಿರುಗಿ ದೇವರಿಗೆ ತಪ್ಪೊಪ್ಪಿಕೊಂಡ; ಆಮೇಲೆ ಕಡೂರಿನ ಕಡೆಗೆ ತಿರುಗಿ ಡಾಕ್ಟರಮ್ಮನಿಗೂ ಒಪ್ಪಿಕೊಂಡ. ಬಾಟಲಿಯನ್ನು ಎಸೆಯಲು ಧೈರ್ಯವಾಗದೆ ಅಂಗಿಯ ಒಳಜೇಬಿಗೆ ಹಾಕಿಕೊಂಡ. ಅಂದಿನಿಂದ ಅವನು ಬಗ್ಗಿದರೆ ಬಾಟಲಿ ಎದೆಗೆ ಒತ್ತುತ್ತಿತ್ತು.

ಸೋಮವಾರ ಬಂತು.

ಓಂಕಾರೇಶ್ ಬೆಳಿಗ್ಗೆಯೇ ತರೀಕೆರೆಯಿಂದ ಲಗೇಜ್ ಆಟೋದಲ್ಲಿ ಬಂದು ಶಾಮಿಯಾನ ಎತ್ತಿಸಿದ. ಕೆಂಪು ಬಿಳಿ ಜಾಲರಿ, ಮೂವತ್ತು ಕುರ್ಚಿ, ಎರಡು ಕೊಪ್ಪರಿಗೆ. ಒಲೆ ಹೊತ್ತಿತು, ನೀರು ಕಾಯತೊಡಗಿತು. ಮಾರಮ್ಮ ಮಸಾಲೆ ರುಬ್ಬಿಸಿ, ಅದರ ಮೇಲೆ ಬಾಳೆಲೆ ಮುಚ್ಚಿ ಕಾವಲು ಕೂತಳು. ನೆಂಟರು ಬಂದು ಕುರ್ಚಿ ತುಂಬಿತು. ಹತ್ತು ಗಂಟೆಗೆ ಜೀಪು ಬಂತು. ಡಾಕ್ಟರು ಇಳಿದು, ಶಾಮಿಯಾನವನ್ನೂ ಜನವನ್ನೂ ನೋಡಿ, ಎರಡು ಕೈಯನ್ನೂ ಕೆನ್ನೆಗೆ ಇಟ್ಟುಕೊಂಡರು.

"ಅಯ್ಯೋ ಯಜಮಾನ್ರೆ, ನನಗೋಸ್ಕರ ಇಷ್ಟೆಲ್ಲ ಯಾಕೆ ಮಾಡಿದ್ರಿ! ಎಲ್ಲರಿಗೂ ತೋರಿಸೋಣ ಅಂತ ನಾನೂ ಸೂಕ್ಷ್ಮದರ್ಶಕ ತಂದಿದೀನಿ."

ಶಾಮಿಯಾನದ ನಡುವೆ, ಎಲೆ ಹಾಕುವ ಮೇಜಿನ ಮೇಲೆ ಸೂಕ್ಷ್ಮದರ್ಶಕ ಕೂತಿತು.

"ಏನ್ ಮಾಡ್ತಾರಂತೆ?" ಎಂದಳು ಮಾರಮ್ಮ.

"ಮೊಟ್ಟೆ ಎಣಿಸ್ತಾರಂತೆ ದೊಡ್ಡಮ್ಮ" ಎಂದಳು ಹೇಮಶ್ರೀ.

"ಬಾಡಿನ ಜೊತೆ ಮೊಟ್ಟೆ ಬ್ಯಾರೆ ಮಾಡ್ಸವನಾ ನನ್ನ ತಮ್ಮ? ಎಣಿಸ್ಲಿ ಎಣಿಸ್ಲಿ. ತಲೆಗೆರಡು ಬರ್ತದಾ ಕೇಳು."

ಡಾಕ್ಟರು ಹಿಕ್ಕೆ ತೆಗೆದು, ತೂಗಿ, ಉಪ್ಪುನೀರಿನಲ್ಲಿ ಕಲಸಿ, ಸೋಸಿ, ಗಾಜಿನ ಅಚ್ಚಿಗೆ ಹಾಕಿ, ಕಣ್ಣಿಟ್ಟು ನೋಡಿದರು. ಮೊದಲು ನೀಲಿಯವನ್ನು ಮುಗಿಸಿದರು. ಅವರ ಮುಖ ಸಣ್ಣಗಾಯಿತು.

"ಹದಿನಾಲ್ಕು ದಿನದ ಹಿಂದೆ ಒಂದು ಗ್ರಾಂ ಹಿಕ್ಕೇಲಿ ಸರಾಸರಿ ಸಾವಿರ ಮೊಟ್ಟೆ ಇತ್ತು. ಔಷಧಿ ಕುಡಿದ ಮೇಲೂ ಆರುನೂರು ಇದೆ. ಔಷಧಿ ಗೆದ್ದಿದ್ದರೆ ಐವತ್ತೂ ಇರಬಾರದಿತ್ತು. ಈ ಹಟ್ಟೀಲಿ ನಿಮ್ಮ ಬಿಳಿ ಔಷಧಿ ಸೋತಿದೆ."

"ನಮ್ಮಪ್ಪನ ಕಾಲದಿಂದ ಕುಡಿಸ್ತಿದೀವಲ್ಲಮ್ಮ!" ಎಂದ ಉಗ್ರಪ್ಪ.

"ಅದಕ್ಕೇ."

ಆಮೇಲೆ ಹಳದಿಯವು. ಮೊದಲನೆಯದನ್ನು ನೋಡುವಾಗಲೇ ಗಂಗಾಧರಯ್ಯನವರು ಎದ್ದು ಬಂದರು. ದೇವರಿಗೆ ಹೋಗುವುದನ್ನು ತಾವೂ ಒಮ್ಮೆ ನೋಡಬೇಕೆಂದರು. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಇಟ್ಟು ನೋಡಿದರು. ದ್ರಾಕ್ಷಿ ಚೆಲ್ಲಿದ ಹಾಗೆ ಉದ್ದುದ್ದನೆಯ ಮೊಟ್ಟೆ. ಒಂದರೊಳಗೆ ಏನೋ ಮಿಸುಕುತ್ತಿತ್ತು. ಅವರು ಹಿಂದಕ್ಕೆ ಜಿಗಿದು ಕುರ್ಚಿಯ ಮೇಲೆ ಕೂತರು. ಕುರ್ಚಿಯಲ್ಲಿ ಆಗಲೇ ಒಬ್ಬರಿದ್ದರು.

"ಇದು ಬ್ಯಾಡ" ಎಂದರು. "ಊನ ಇರೋದು ದೇವರಿಗೆ ಸಲ್ಲದು."

"ಒಂದನೇದು ಸಾವಿರದ ನಾನೂರು, ಬ್ಯಾಡ!" ಎಂದು ಉಗ್ರಪ್ಪ ಚುನಾವಣೆಯ ಮತ ಎಣಿಕೆಯವರಂತೆ ಕೂಗಿದ. ಎರಡನೆಯದು ಸಾವಿರದ ಇನ್ನೂರು, ಬ್ಯಾಡ. ಮೂರನೆಯದು ಎರಡು ಸಾವಿರ, ಬ್ಯಾಡವೇ ಬ್ಯಾಡ. ಕೊಪ್ಪರಿಗೆಯ ನೀರು ಕುದಿಯತೊಡಗಿತು. ನಾಲ್ಕು, ಐದು, ಆರು, ಏಳು. ಓಂಕಾರೇಶ್ ಒಲೆಯ ಸೌದೆ ಹಿಂದಕ್ಕೆ ಎಳೆದ. ಮಾರಮ್ಮ ಮುಂದಕ್ಕೆ ನೂಕಿದಳು. ದೊಡ್ಡಬೀರಪ್ಪನ ಮುಖ ಒಂದೊಂದು 'ಬ್ಯಾಡ'ಕ್ಕೂ ಅರಳುತ್ತಿತ್ತು. ಎಂಟು, ಒಂಬತ್ತು, ಎಲ್ಲ ಬ್ಯಾಡ. ಉಳಿದದ್ದು ಒಂದೇ. ಡಾಕ್ಟರು ನೋಡಿದರು. ಕಣ್ಣು ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಬೇರೆ ಹಿಕ್ಕೆ ಕಲಸಿ ಮೂರನೆಯ ಸಲ ನೋಡಿದರು.

"ಸೊನ್ನೆ" ಎಂದರು.

"ಅಂದ್ರೆ?" ಎಂದರು ಗಂಗಾಧರಯ್ಯ.

"ಒಂದೂ ಮೊಟ್ಟೆ ಇಲ್ಲ. ಪೂರ್ತಿ ಶುದ್ಧ."

ಶಾಮಿಯಾನವೇ ಎದ್ದು ನಿಂತಿತು. ಆ ಹತ್ತನೆಯದು ಬೊಟ್ಟ.

"ಹತ್ತರಾಗೆ ಒಂದು! ಸ್ವಾಮಿ ತಾನೇ ಆರಿಸ್ಕಂಡ!" ಎಂದು ಗಂಗಾಧರಯ್ಯನವರು ಎರಡು ಕೈಯೆತ್ತಿದರು. "ಯಲ್ಲವ್ವ ಸಾಕಿದ್ದಲ್ವಾ, ಅವಳ ಪುಣ್ಯ" ಎಂದು ಮಾರಮ್ಮ ಕಣ್ಣೊರೆಸಿಕೊಂಡು ಬಾಳೆಲೆ ತೆಗೆದಳು. ಓಂಕಾರೇಶ್ ಬೊಟ್ಟನ ಕೊರಳಿಗೆ ಹಗ್ಗ ಹಾಕಿದ. ಬೊಟ್ಟ ಅದನ್ನು ಆಟವೆಂದುಕೊಂಡು ಅವನ ಮೊಣಕಾಲಿಗೆ ಗುದ್ದಿದ.

ಡಾಕ್ಟರು ಮಾತ್ರ ನಿಂತಲ್ಲೇ ಇದ್ದರು. "ಔಷಧಿ ಕೊಡದೆ ಸೊನ್ನೆ ಹೇಗೆ ಬರುತ್ತೆ? ಯಜಮಾನ್ರೆ, ನೀವು ಮಾತು ಕೊಟ್ಟಿದ್ರಿ. ಇದಕ್ಕೆ ಏನೂ ಕುಡಿಸಿಲ್ಲ ತಾನೆ?"

ಎಲ್ಲರೂ ದೊಡ್ಡಬೀರಪ್ಪನ ತಲೆಯನ್ನು ನೋಡಿದರು. ಅದು ಈಗ ಆಡುತ್ತದೆ ಎಂದು ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಂದು ಸಲ ಆಡಿದರೆ ಸಾಕು, ಮರ್ಯಾದೆ ಉಳಿಯುತ್ತದೆ, ಮಾತು ಉಳಿಯುತ್ತದೆ, ಊಟವಾಗುತ್ತದೆ. ಹಗ್ಗದ ತುದಿಯಲ್ಲಿ ಬೊಟ್ಟ ಅವನ ಕಡೆಗೆ ಜಗ್ಗಿ, ಸೀಸೆ ಕಂಡ ಮರಿಯಂತೆ "ಬ್ಯಾ" ಎಂದ.

ತಲೆ ಆಡಿತು. ಆದರೆ ಜೀವಮಾನದಲ್ಲಿ ಮೊದಲ ಸಲ ಅದು ಅಡ್ಡಡ್ಡ ಆಡಿತು.

"ಇಲ್ಲ ತಾಯಿ. ಕುಡ್ಸಿದೀನಿ" ಎಂದು ದೊಡ್ಡಬೀರಪ್ಪ ಒಳಜೇಬಿನಿಂದ ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟ. "ಹೋದ ಸೋಮವಾರ. ಗದ್ದ ಊದಿತ್ತು. ನೋಡಕ್ಕಾಗ್ಲಿಲ್ಲ."

ಡಾಕ್ಟರು ಬಾಟಲಿ ತಿರುಗಿಸಿ ಓದಿದರು. "ಹಗ್ಗ ಬಿಡಿ! ಇದನ್ನ ಯಾರೂ ಮುಟ್ಟಬೇಡಿ. ಈ ಔಷಧಿ ಕುಡಿಸಿದ ಮೇಲೆ ಇಪ್ಪತ್ತೆಂಟು ದಿನ ಮಾಂಸಕ್ಕೆ ಬಳಸಬಾರದು ಅಂತ ಇದರ ಮೇಲೇ ಬರೆದಿದೆ. ಏಳೇ ದಿನ ಆಗಿರೋದು."

ಓಂಕಾರೇಶ್ ಹಗ್ಗವನ್ನು ಹಾವಿನಂತೆ ಕೈಬಿಟ್ಟ.

ಒಂದು ಸಲ ಅಡ್ಡಡ್ಡ ಆಡಿದ ತಲೆಗೆ ರುಚಿ ಹತ್ತಿತೆಂದು ತೋರುತ್ತದೆ. ದೊಡ್ಡಬೀರಪ್ಪ ಸುಮ್ಮನಾಗಲಿಲ್ಲ. "ಇನ್ನೂ ಐತೆ. ನಾನು ಯಾವ್ದನ್ನೂ ದೇವ್ರಿಗೆ ಬಿಟ್ಟಿರ್ಲಿಲ್ಲ. ಈ ಹಳದಿ ಡಾಕ್ಟ್ರಮ್ಮ ಹಚ್ಚಿದ್ದು, ಔಷಧಿ ಕೊಡ್ದೇ ಇರೋದಕ್ಕೆ ಗುರ್ತು. ಉಗ್ರಪ್ಪ ನಕ್ಕ, ನಾನು ಹೂಂ ಅಂದೆ. ಅಷ್ಟೇ ಆಗಿದ್ದು."

ಓಂಕಾರೇಶ್ ಒಲೆಯ ಸೌದೆಯನ್ನು ಪೂರ್ತಿ ಹೊರಗೆಳೆದ.

"ಹಂಗಾದ್ರೆ ಅಕ್ಕನ ವರ್ಷಕ್ಕೆ ಅಂದಿದ್ದು?" ಎಂದ ಉಗ್ರಪ್ಪ.

"ನಾನ್ ಅನ್ನಲಿಲ್ಲ ಕಣೋ. ನೀನು ಅಂದೆ. ನಿನ್ ಕಣ್ಣಾಗೆ ನೀರಿತ್ತು. ಇಲ್ಲ ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ." ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ಅವಳು ಕೊನೇಗೆ ಕೈಯಾರೆ ಸಾಕಿದ್ದು ಅದೊಂದೇ ಉಗ್ರಪ್ಪ. ಅವಳ ಹೆಸ್ರಿಗೆ ಅದನ್ನೇ ಹೆಂಗೋ ಕೊಯ್ಯೋದು?"

ಉಗ್ರಪ್ಪ ಅತ್ತ ತಿರುಗಿ ನಿಂತ. ಮಾರಮ್ಮ, "ಬೆಳಿಗ್ಗೇನೇ ಬಾಯಿ ಬಿಟ್ಟಿದ್ರೆ ಮಸಾಲೆನಾದ್ರೂ ಉಳೀತಿತ್ತಲ್ಲೋ ಮುಟ್ಠಾಳ" ಎಂದು ಬೈದು, ಬೈಯುತ್ತ ಬೈಯುತ್ತ ಬೊಟ್ಟನ ಕೊರಳಿನ ಹಗ್ಗ ತಾನೇ ಬಿಚ್ಚಿದಳು.

ಉಳಿದದ್ದು ದೇವರ ಮಾತು. ದೊಡ್ಡಬೀರಪ್ಪ ಗಂಗಾಧರಯ್ಯನವರ ಮುಂದೆ ಕೈಮುಗಿದು ನಿಂತ. "ಅಯ್ನೋರೆ, ಸುಳ್ಳೋ ನಿಜವೋ, ಅವನ ಹೆಸ್ರಾಗೆ ಬಾಯಿ ಬಿಟ್ಟಾಯ್ತು. ಅವನಿಗೆ ಏನ್ ಕೊಡ್ಲಿ?"

ಗಂಗಾಧರಯ್ಯನವರು ಮೇಜಿನ ಕಡೆಗೆ ಕಣ್ಣು ಹಾಯಿಸಿದರು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಅವರ ಕಣ್ಣಿನಿಂದ ಇನ್ನೂ ಹೋಗಿರಲಿಲ್ಲ. ಆ ದಿನ ಬಾಡೂಟ ನಿಂತುಹೋದದ್ದರಿಂದ ಅವರಿಗೆ ದುಃಖವಾದಂತೆ ಕಾಣಲಿಲ್ಲ. "ನಮ್ಮಪ್ಪ ಬೀರೇದೇವರು ಕುರಿ ಕಾಯ್ದವನು. ಕುರಿಯ ಸಂಕಟ ಅವನಿಗೆ ಗೊತ್ತು. ಆ ಹತ್ತರ ತುಪ್ಪಟ ಕತ್ತರಿಸಿ ಒಂದು ಕಂಬಳಿ ನೇಯಿಸು. ಯಲ್ಲವ್ವನ ವರ್ಷದ ದಿನ ಅವನ ಗದ್ದುಗೆಗೆ ಹಾಸೋಣ. ಮಾತು ಉಳೀತದೆ" ಎಂದರು.

ಡಾಕ್ಟರು ಆ ಸಂಜೆ ಕಡೂರಿನಿಂದ ಹೊಸ ಔಷಧಿ ತರಿಸಿ, ಇಪ್ಪತ್ತರಲ್ಲಿ ಬೊಟ್ಟನೊಬ್ಬನನ್ನು ಬಿಟ್ಟು ಉಳಿದದ್ದಕ್ಕೆಲ್ಲ ತೂಗಿ ತೂಗಿ ಕುಡಿಸಿದರು. ಕುಡಿಸುತ್ತಲೇ ಬೈದರು. "ಒಂದು ಕುರಿಯಿಂದ ಏನೂ ಹೇಳೋಕಾಗಲ್ಲ. ಆದರೆ ಸರಿಯಾದ ತೂಕಕ್ಕೆ ಬೇರೆ ಔಷಧಿ ಕೊಟ್ಟಿದೀರ, ಸೊನ್ನೆ ಬಂದಿದೆ. ಮುಂದಿನ ಸಲ ಇದನ್ನೇ ಪರೀಕ್ಷೆ ಮಾಡ್ತೀನಿ. ನಿಮ್ಮ ಬೊಟ್ಟನನ್ನ ಮಾತ್ರ ಲೆಕ್ಕದಿಂದ ತೆಗೀಬೇಕು."

"ತೆಗೀರಿ ತಾಯಿ. ಎಲ್ಲಾ ಲೆಕ್ಕದಿಂದ್ಲೂ ತೆಗ್ದಾಕಿ."

ಹೇಮಶ್ರೀ ಅಂಗಡಿಯಿಂದ ಮೊಟ್ಟೆ ತರಿಸಿ, ರುಬ್ಬಿದ ಮಸಾಲೆಗೆ ಹಾಕಿ ಸಾರು ಮಾಡಿದಳು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದವರು ಯಾರೂ ಅದನ್ನು ಮುಟ್ಟಲಿಲ್ಲ. ಗಂಗಾಧರಯ್ಯನವರು ಮಜ್ಜಿಗೆ ಕುಡಿದು ಎದ್ದರು. ನೋಡದೇ ಇದ್ದ ಮಾರಮ್ಮನ ಪಾಲಿಗೆ ಒಂಬತ್ತು ಬಂತು.

ಮಾರನೆಯ ದಿನ ಬಸ್ಸು ಹತ್ತುವಾಗ ಅವಳು ತಮ್ಮನ ಕಿವಿಯ ಹತ್ತಿರ ಬಾಗಿ, "ಲೇ ಬೀರ, ಆ ಇಪ್ಪತ್ತೆಂಟು ದಿನ ಯಾವತ್ತಿಗೆ ಮುಗೀತದೋ?" ಎಂದು ಕೇಳಿದಳು.

ದೊಡ್ಡಬೀರಪ್ಪ ಮನೆಗೆ ಬಂದವನೇ ಡಾಕ್ಟರಿಗೆ ಫೋನು ಮಾಡಿದ. ಗಡುವು ಮುಗಿಯುವ ಹಿಂದಿನ ದಿನ ಬೊಟ್ಟನಿಗೆ ಇನ್ನೊಂದು ಗುಟುಕು ಹಾಕಿದರೆ ಹೇಗೆ, ಅದರ ಗಡುವು ಮುಗಿಯುವ ಹಿಂದಿನ ದಿನ ಮತ್ತೊಂದು ಹಾಕಿದರೆ ಹೇಗೆ ಎಂದು ಕೇಳಿದ. ಡಾಕ್ಟರು ಕಿರುಚಿದ್ದು ಫೋನಿಲ್ಲದೆಯೂ ಕೇಳಿಸುವಂತಿತ್ತು: "ಬೇಡ! ಸುಮ್ಮಸುಮ್ಮನೆ ಕುಡಿಸಿದರೆ ಈ ಔಷಧಿಯೂ ಸೋಲುತ್ತೆ!"

"ಹಂಗಾರೆ ಖಾಲಿ ಬಾಟ್ಲಿ ಇಟ್ಕಬಹುದಾ ತಾಯಿ?"

"ಖಾಲಿ ಬಾಟಲಿ ಎಷ್ಟು ಬೇಕಾದರೂ ಇಟ್ಕೊಳ್ಳಿ."

ಈಗ ನೀವು ಕೆಂಚಯ್ಯನಹಟ್ಟಿಗೆ ಹೋದರೆ, ಬೀರೇದೇವರ ಗದ್ದುಗೆಯ ಮೇಲೆ ಒಂದು ಕಂಬಳಿ ಹಾಸಿರುವುದನ್ನು ನೋಡಬಹುದು. ಎಷ್ಟು ತೊಳೆದರೂ ಹೋಗದ ಹಳದಿ ಅದರಲ್ಲಿ ಅಲ್ಲಲ್ಲಿ ಉಳಿದಿದೆ. ದೊಡ್ಡಬೀರಪ್ಪನ ರೊಪ್ಪದ ಬಾಗಿಲಲ್ಲಿ, ರಸ್ತೆಯ ಕಡೆಗೆ ಚೀಟಿ ಕಾಣುವಂತೆ ಒಂದು ಪುಟ್ಟ ಬಾಟಲಿ ತೂಗುಹಾಕಿದೆ. ನೆಂಟರು ಬರುವ ಸುದ್ದಿ ಸಿಕ್ಕರೆ ಅವನು ಓಡಿಹೋಗಿ ಟವೆಲಿನಿಂದ ಅದನ್ನು ಒರೆಸುತ್ತಾನೆ. ಕುಡಿಸಿದ ಮೇಲೆ ಇಪ್ಪತ್ತೆಂಟು ದಿನ ಎಂದು ಅದರ ಮೇಲೆ ಬರೆದಿದೆ. ಯಾವತ್ತು ಕುಡಿಸಿದ್ದು ಎಂದು ಬರೆದಿಲ್ಲ.